ಬುದ್ಧನ ಹಣೆಯ ಮೂರು ಗೆರೆ

ಕತ್ತರಿ ಕೈಗೆ ಬಂದರೆ ನನಗೆ ಸೊಕ್ಕು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರೊಟ್ಟಿ ಬಡಿಯುವುದರಲ್ಲಿ ನನ್ನನ್ನು ಸೋಲಿಸುವವರು ನಮ್ಮ ಹಿರೇಬೆಂಡಿಗೇರಿಯಲ್ಲಿ ಮನೆಗೊಬ್ಬರು ಸಿಗುತ್ತಾರೆ. ಹೊಲಿಗೆಯಲ್ಲೂ ನಾನು ಅಷ್ಟಕ್ಕಷ್ಟೇ. ನಾನು ಹೊಲಿದ ಮೊದಲ ಜಂಪರಿನಿಂದ ನನ್ನ ನಾದಿನಿ ಇವತ್ತಿಗೂ ಗ್ಯಾಸಿನ ಕಟ್ಟೆ ಒರೆಸುತ್ತಾಳೆ. ಆದರೆ ಬಣ್ಣದ ಹಾಳೆಯನ್ನು ಮಡಚಿ, ಕತ್ತರಿ ಓಡಿಸಿ, ಬಿಡಿಸಿ ಎತ್ತಿ ಹಿಡಿದೆನೆಂದರೆ ಎದುರಿಗಿದ್ದವರು ತೆರೆದ ಬಾಯಿ ಮುಚ್ಚುವುದಿಲ್ಲ. ಆ ಬಾಯಿಗಳನ್ನು ನೋಡುವುದೇ ನನಗೆ ಹಬ್ಬ.

ಈ ವಿದ್ಯೆ ನನಗೆ ಹತ್ತಿದ್ದು ಶಿಗ್ಗಾಂವಿಯ ಒಂದು ಹೊಲಿಗೆ ತರಬೇತಿಯಲ್ಲಿ. ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯಿಂದೆಲ್ಲ ಹೆಣ್ಣುಮಕ್ಕಳು ಬರುತ್ತಿದ್ದರು. ತರಬೇತಿ ಮುಗಿಯಿತು, ಹೊಲಿಗೆ ಅರ್ಧ ಮರೆಯಿತು, ಫೋನಿನಲ್ಲಿ ಮಾಡಿಕೊಂಡ ಗುಂಪು ಮಾತ್ರ ಉಳಿಯಿತು. ಹಬ್ಬ ಹತ್ತಿರ ಬಂತೆಂದರೆ ಯಾರಾದರೂ ಒಬ್ಬಳು ಎಲ್ಲಿಂದಲೋ ಒಂದು ಡಿಸೈನು ಹುಡುಕಿ ಅದರಲ್ಲಿ ಹಾಕುತ್ತಾಳೆ. ಉಳಿದವರು ಅವರವರ ಊರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ, ಬಣ್ಣದ ಹಾಳೆಯ ಮೇಲಿಟ್ಟು ಕತ್ತರಿಸುತ್ತಾರೆ. ಸಂಕ್ರಾಂತಿಗೆ ಕುಸುರೆಳ್ಳಿನ ಜೊತೆ ಕೊಡುವ ಕಾರ್ಡು, ಗಣಪತಿಗೆ ದಾರಕ್ಕೆ ಅಂಟಿಸಿ ತೂಗಬಿಡುವ ಪರಪರಿ, ದೀಪಾವಳಿಗೆ ಒಳಗೆ ಬಲ್ಬು ಇಟ್ಟು ಬಾಗಿಲಿಗೆ ಕಟ್ಟುವ ಆಕಾಶಬುಟ್ಟಿ, ಎಲ್ಲವೂ ಹೀಗೇ ಆಗುತ್ತವೆ.

ಗುಂಪಿಗೆ ಒಂದೇ ಒಂದು ಕಟ್ಟಳೆ. ಡಿಸೈನು ಎಲ್ಲರದೂ ಒಂದೇ, ಆದರೆ ಅದರಲ್ಲಿ ಒಂದು ಜಾಗ ಖಾಲಿ ಬಿಟ್ಟು ಪ್ರತಿಯೊಬ್ಬಳೂ ತನ್ನ ಮನೆಯ ಗುರುತನ್ನು ಅಲ್ಲಿ ಕತ್ತರಿಸಬೇಕು. ಹಾನಗಲ್ಲಿನವಳು ಮಾವಿನಹಣ್ಣು ಕತ್ತರಿಸುತ್ತಾಳೆ, ಅವಳ ಗಂಡನಿಗೆ ಮಾವಿನ ತೋಟವಿದೆ. ಸವಣೂರಿನವಳದು ವೀಳ್ಯದೆಲೆ. ಹಿರೇಕೆರೂರಿನ ಅಕ್ಕ ಗೋವಿನಜೋಳದ ತೆನೆ ಕತ್ತರಿಸುತ್ತಾರೆ, ಕಾಳು ಕಾಳಾಗಿ, ಎಣಿಸಬಹುದಾದಷ್ಟು ಚೊಕ್ಕಟವಾಗಿ. ನನ್ನ ಗುರುತು ಅರಳಿ ಎಲೆ. ಅದಕ್ಕೊಂದು ಉದ್ದ ಬಾಲವಿರುತ್ತದೆ, ಕಣ್ಣಿದ್ದವರಿಗೆ ಕಾಣುತ್ತದೆ. ಆದರೂ ಮೊದಲ ವರ್ಷ ಸವಣೂರಿನವಳು ಫೋನು ಮಾಡಿ, “ನನ್ನ ಎಲಿ ಕದ್ದೀ ಹೌದಲ್ಲ? ಸುಣ್ಣಾ ಅಡಿಕಿನೂ ತಗೊಂಡ ಹೋಗವಾ” ಎಂದಳು. “ಇದು ತಿನ್ನೂ ಎಲಿ ಅಲ್ಲವ್ವಾ, ಇದರ ಬುಡಕ ಕುಂಡ್ರೂದು” ಎಂದು ನಾನು ಹೇಳಿದೆ. ಅವಳಿಗೆ ತಿಳಿಯಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಈಗ ಹೇಳುತ್ತೇನೆ. ನಾವು ಬೌದ್ಧರು. ನನ್ನ ಮಾವ ಹರೆಯದಲ್ಲಿ ದೀಕ್ಷೆ ತೆಗೆದುಕೊಂಡವರು. ನಮ್ಮ ಓಣಿಯ ಸಣ್ಣ ವಿಹಾರದ ಕೀಲಿ ಅವರ ಸೊಂಟದಲ್ಲೇ ಇರುತ್ತದೆ. ಹೊಲ, ಎರಡು ಎಮ್ಮೆ, ವಿಹಾರ, ಇಷ್ಟೇ ಅವರ ಲೋಕ. ನಮ್ಮ ಮನೆಯಲ್ಲಿ ದೀಪಾವಳಿ ಇಲ್ಲ, ಗಣಪತಿ ಇಲ್ಲ. ನಾನು ಕತ್ತರಿಸಿದ ಆಕಾಶಬುಟ್ಟಿಗಳೆಲ್ಲ ಬೇರೆಯವರ ಬಾಗಿಲಲ್ಲಿ ತೂಗುತ್ತಿದ್ದವು. ಇದಕ್ಕಾಗಿ ಮಾವ ನನ್ನನ್ನು ಒಂದು ದಿನವೂ ಬೈದವರಲ್ಲ. “ಕೈಯಾಗ ಕಲಾ ಐತಿ, ಮಾಡವ್ವಾ. ಬೆಳಕು ಯಾರ ಮನ್ಯಾಗಿದ್ರೇನು” ಎನ್ನುತ್ತಿದ್ದರು.

ಬೆಳಕಿನ ಬಗ್ಗೆ ನನ್ನ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಬೇರೆ. ಒಂದು ದೀಪಾವಳಿಗೆ ಹಿರೇಕೆರೂರಿನ ಅಕ್ಕ ದೊಡ್ಡ ಆಕಾಶಬುಟ್ಟಿ ಕಟ್ಟಲು ನನ್ನನ್ನು ಮನೆಗೆ ಕರೆದಿದ್ದರು. ಹಾನಗಲ್ಲಿನವಳೂ ಸವಣೂರಿನವಳೂ ಬಂದಿದ್ದರು. ಮಧ್ಯಾಹ್ನ ಚಹಾ ಬಂತು. ಅವರಿಬ್ಬರಿಗೆ ಒಳಗೆ, ಸ್ಟೀಲಿನ ಬಟ್ಟಲಿನಲ್ಲಿ. ನನಗೆ ಹೊರಗಿನ ಕಟ್ಟೆಯ ಮೇಲೆ, ಕಾಗದದ ಕಪ್ಪಿನಲ್ಲಿ. ತಂದುಕೊಟ್ಟವರು ಆ ಅಕ್ಕನ ಅತ್ತೆ. “ತೊಳಿಯೂ ತ್ರಾಸು ಇಲ್ಲ ನೋಡವ್ವಾ, ಕುಡದು ಅಲ್ಲೇ ಒಗದಬಿಡು” ಎಂದರು, ಬಹಳ ಪ್ರೀತಿಯಿಂದ. ಅಕ್ಕ ಬಾಗಿಲಲ್ಲಿ ನಿಂತು ನೋಡಿದರು, ನೆಲ ನೋಡಿದರು, ಒಳಗೆ ಹೋದರು. ಕಾಗದವೇ ನನ್ನ ಕಸುಬು. ಆದರೆ ಆ ಕಾಗದ ನನ್ನ ಕೈ ಸುಟ್ಟಷ್ಟು ಬೇರೆ ಯಾವುದೂ ಸುಟ್ಟಿಲ್ಲ.

ಆಮೇಲೆ ಲೆಕ್ಕ ಹಾಕುತ್ತ ಹೋದರೆ ಎಲ್ಲವೂ ಒಂದೊಂದಾಗಿ ಕಣ್ಣಿಗೆ ಬಿದ್ದವು. ನನ್ನ ಬುಟ್ಟಿಗಳು ಅವರ ಮನೆಗಳಿಗೆ ಹೋಗಿದ್ದವು, ನನ್ನ ಕಾರ್ಡುಗಳು ಅವರ ದೇವರ ಮನೆಯ ಗೋಡೆಗೂ ಅಂಟಿದ್ದವು. ಅವರಲ್ಲಿ ಒಬ್ಬಳೂ ನನ್ನ ಮನೆಯ ಹೊಸ್ತಿಲು ದಾಟಿರಲಿಲ್ಲ. ಒಂದು ಗುಟುಕು ನೀರು ಕುಡಿದಿರಲಿಲ್ಲ. ಜಗಳ ಮಾಡಬೇಕೆಂದರೆ ಯಾರೊಡನೆ ಮಾಡುವುದು? ಎಲ್ಲರೂ ಒಳ್ಳೆಯವರೇ. ನನಗೆ ಬೇಕಾಗಿದ್ದದ್ದು ಜಗಳವಲ್ಲ. ಅವರು ಬರಬೇಕಿತ್ತು, ಕೂಡಬೇಕಿತ್ತು, ಉಣ್ಣಬೇಕಿತ್ತು. ಅಷ್ಟಾಗದಿದ್ದರೆ ಈ ಕತ್ತರಿ ಗಿತ್ತರಿ ಎಲ್ಲ ಎತ್ತಿ ಅಟ್ಟಕ್ಕೆ ಒಗೆಯಬೇಕೆಂದು ಮನಸ್ಸಿನಲ್ಲೇ ಪಣ ತೊಟ್ಟೆ.

ವೈಶಾಖದ ಹುಣ್ಣಿಮೆಗೆ ನಮ್ಮ ಕಡೆ ಆಗಿ ಹುಣ್ಣಿಮೆ ಎನ್ನುತ್ತಾರೆ. ನಮಗೆ ಅದು ಬುದ್ಧ ಪೌರ್ಣಿಮೆ. ಆ ಸಲ ನಾನು ಫೋನಿನಲ್ಲಿ ಡಿಸೈನು ಹುಡುಕಲಿಲ್ಲ, ನಾನೇ ಬರೆದೆ. ನಾಲ್ಕು ಮಗ್ಗುಲಿನ ಆಕಾಶಬುಟ್ಟಿ. ಒಂದೊಂದು ಮಗ್ಗುಲಿಗೂ ಕಣ್ಣು ಮುಚ್ಚಿದ ಬುದ್ಧನ ಮುಖ, ಮುಖದ ಕೆಳಗೆ ಮನೆಯ ಗುರುತಿಗೆ ಖಾಲಿ ಜಾಗ. ಅದೇ ಮುಖ ಸಣ್ಣದಾಗಿ ಇರುವ ಒಂದು ಕಾರ್ಡು. ಫೋಟೋ ತೆಗೆದು ಗುಂಪಿನಲ್ಲಿ ಹಾಕಿ, “ಈ ಸಲ ಹಬ್ಬ ನಮ್ಮದು. ಹುಣ್ಣಿಮಿಗೆ ನಮ್ಮ ಓಣ್ಯಾಗ ಕಟ್ಟೂದು. ಮನಿಗೊಂದು ಬುಟ್ಟಿ, ಒಂದು ಕಾರ್ಡು ಮಾಡಿ ಕಳಸ್ರಿ” ಎಂದು ಬರೆದೆ.

ಎಲ್ಲರೂ ನೋಡಿದರು. ನೋಡಿದ ನೀಲಿ ಗುರುತು ಬಂತು. ಯಾರೂ ಒಂದಕ್ಷರ ಬರೆಯಲಿಲ್ಲ. ಬೇರೆ ಹಬ್ಬವಾಗಿದ್ದರೆ ಅಷ್ಟೊತ್ತಿಗೆ ಕೈಮುಗಿಯುವ ಚಿತ್ರ, ಹೂವಿನ ಚಿತ್ರ ಸುರಿದಿರುತ್ತಿದ್ದವು. ಮರುದಿನವೂ ಅಷ್ಟೇ. ಅದರ ಮರುದಿನ ಸವಣೂರಿನವಳು ಯಾವುದೋ ಉಪ್ಪಿನಕಾಯಿಯ ವಿಡಿಯೋ ಹಾಕಿದಳು.

“ಏನವ್ವಾ, ಯಾರರ ಏನರ ಅಂದ್ರೇನು?” ಮಾವ ಎಮ್ಮೆಗೆ ಮೇವು ಹಾಕುತ್ತ ಕೇಳಿದರು.

“ನೋಡ್ಯಾರ್ರಿ ಮಾವಾರ.”

“ನೋಡೂದು ಬ್ಯಾರೆ, ಮಾಡೂದು ಬ್ಯಾರೆ” ಎಂದರು. ಆಮೇಲೆ ನನ್ನ ಮುಖ ನೋಡಿ, “ಆಗಲಿ ಬಿಡು, ನಾವ ನಾವ ಕಟ್ಟೋಣ” ಎಂದು ಸೇರಿಸಿದರು. ಆ ಸಮಾಧಾನ ನನಗೆ ಇನ್ನೂ ಸಿಟ್ಟು ತರಿಸಿತು.

ನಾಲ್ಕನೆಯ ದಿನ ಹಿರೇಕೆರೂರಿನ ಅಕ್ಕ ಫೋಟೋ ಹಾಕಿದರು. ಕೇಸರಿ ಹಾಳೆಯಲ್ಲಿ ಬುಟ್ಟಿ, ಬುದ್ಧನ ಗದ್ದದ ಕೆಳಗೆ ಗೋವಿನಜೋಳದ ತೆನೆ. ಬೇರೆ ಮಾತಿಲ್ಲ, “ಹೆಂಗಾಗೇತಿ?” ಎಂದಷ್ಟೇ. ನಮ್ಮ ಗುಂಪಿನಲ್ಲಿ ಆ ಅಕ್ಕ ಎತ್ತ ಹೆಜ್ಜೆ ಇಟ್ಟರೆ ಉಳಿದವರದೂ ಅತ್ತಲೇ. ಅವರು ಕತ್ತರಿಸಿದ್ದನ್ನು ನೋಡಿಕೊಂಡೇ ಎಲ್ಲರೂ ಕತ್ತರಿಸುವುದು. ಸಂಜೆಯೊಳಗೆ ಹಾನಗಲ್ಲಿನ ಮಾವಿನಹಣ್ಣು ಬಂತು, ಸವಣೂರಿನ ವೀಳ್ಯದೆಲೆ ಬಂತು, ಆಮೇಲೆ ಫೋನು ಪುರುಸೊತ್ತಿಲ್ಲದೆ ಗುಂಯ್‌ಗುಟ್ಟಿತು. ನಾನು ಓಣಿಯುದ್ದಕ್ಕೂ ಮನೆ ಮನೆಗೆ ಹೋಗಿ ತೋರಿಸಿ ಬಂದೆ. ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಬುಟ್ಟಿಗಳು ಮಡಚಿದ ಹಾಳೆಗಳಾಗಿ, ಸೀರೆಯ ಡಬ್ಬಿಗಳಲ್ಲಿ, ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಶಿಗ್ಗಾಂವಿಗೆ ಬಂದವು. ತಂದು ವಿಹಾರದ ನೆಲದ ಮೇಲೆ ಬಿಡಿಸಿದೆ. ಫೋನಿನ ಸಣ್ಣ ಚಿತ್ರದಲ್ಲಿ ಕಾಣದ್ದು ಆಗ ಕಂಡಿತು. ಅಕ್ಕನ ಬುಟ್ಟಿಯಲ್ಲಿ ಬುದ್ಧನ ಹಣೆಗೆ ಅಡ್ಡಡ್ಡ ಮೂರು ಸೀಳು. ಮೂರು ಬೆರಳಿನಿಂದ ಎಳೆದ ವಿಭೂತಿ. ಎರಡನೆಯ ಬುಟ್ಟಿ ಬಿಡಿಸಿದೆ, ಅದರಲ್ಲೂ ಮೂರು ಗೆರೆ. ಮೂರನೆಯದರಲ್ಲೂ ಅಷ್ಟೇ. ಒಬ್ಬಳಂತೂ ಕಾರ್ಡಿನ ಬುದ್ಧನಿಗೆ ಗೆರೆಗಳ ನಡುವೆ ಒಂದು ದುಂಡನೆಯ ಕುಂಕುಮವನ್ನೂ ಇಟ್ಟಿದ್ದಳು.

ನನಗೆ ಮೊದಲು ನಗು ಬಂತು. ಹಿಂದೆ ನಿಂತಿದ್ದ ಮಾವ ನಗಲಿಲ್ಲ.

“ಇವನ್ನ ಕಟ್ಟಂಗಿಲ್ಲ ನೋಡವ್ವಾ” ಎಂದರು. ದನಿ ಏರಿಸಲಿಲ್ಲ. “ಅವರದು ಅವರಿಗೆ ಛಲೋ. ನಾವು ತಿಳದು ಬಿಟ್ಟು ಬಂದದ್ದನ್ನ ಬುದ್ಧನ ಹಣಿಗೆ ಹಚ್ಚಿ ಓಣ್ಯಾಗ ಕಟ್ಟಿದ್ರ, ನಾ ಇಷ್ಟ ದಿವಸ ಮಾಡಿದ್ದು ಏನು?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಟ್ಟದೆ ಹೋದರೆ ಬುಟ್ಟಿ ಕಳಿಸಿದವರು ಇನ್ನೆಂದೂ ನಮ್ಮ ಕಡೆ ಮುಖ ಹಾಕುವುದಿಲ್ಲ. ಕಟ್ಟಿದರೆ ಮಾವನ ಮುಖ ನನ್ನಿಂದ ನೋಡಲಾಗುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಒಂದು ಕಾರ್ಡು, ಕತ್ತರಿ ಹಿಡಿದೇ ಹೊರಗೆ ಬಂದು ಬೇವಿನ ನೆರಳಿನಲ್ಲಿ ಕುಳಿತು ಅಕ್ಕನಿಗೆ ಫೋನು ಮಾಡಿದೆ.

“ಅಕ್ಕಾರ, ಬುದ್ಧಗ ಇಬತ್ತಿ ಯಾಕ ಹಚ್ಚಿದ್ರಿ?”

“ಹಬ್ಬದ ದಿವಸ ಬರೀ ಹಣೀಲೆ ಹೆಂಗ ಬಿಡೂದವ್ವಾ?” ಅವರು ನನ್ನ ಪ್ರಶ್ನೆಗೇ ಬೆರಗಾದರು. “ಮಾರಿ ಅಷ್ಟ ಛಂದ ಬರದೀ, ಹಣಿ ಮಾತ್ರ ಭಣಾಭಣಾ. ನಿನಗ ಮರತೈತಿ ಅಂತ ತಿಳದು ನಾನ ಹಚ್ಚಿದೆ.”

ನಾನು ಅವರಿಗೆ ತಿಳಿಸಿ ಹೇಳಿದೆ. ನಮ್ಮ ಹಬ್ಬದಲ್ಲಿ ಆ ಹಣೆ ಖಾಲಿ ಇರುವುದೇ ಸರಿ, ಅದು ಮರೆವಲ್ಲ ಎಂದೆ. ಅಕ್ಕ ನಿಜವಾಗಿಯೂ ಗಾಬರಿಯಾದರು. “ಅಯ್ಯ, ನನ್ನ ನೋಡಿ ಎಲ್ಲಾರೂ ಹಂಗ ಮಾಡ್ಯಾರಲ್ಲವ್ವಾ. ನಿಮ್ಮ ಮಾವಾರು ಏನಂದಾರು? ಈಗೇನು ಮಾಡೂದು?” ಎಂದರು.

ಏನು ಮಾಡುವುದೆಂದು ನನಗೆ ಆಗಲೇ ಗೊತ್ತಿತ್ತು. ಫೋನನ್ನು ಹೆಗಲಿಗೆ ಒತ್ತಿ ಹಿಡಿದು ಮಾತಾಡುತ್ತಲೇ, ಕಾರ್ಡಿನ ಆ ಮೂರು ಸೀಳನ್ನೂ ಒಳಗೊಳ್ಳುವಂತೆ ಒಂದೇ ಅರಳಿ ಎಲೆಯ ಕಿಂಡಿ ಕತ್ತರಿಸಿದ್ದೆ. ಹಿಂದಿನಿಂದ ತೆಳುವಾದ ಹಳದಿ ಹಾಳೆ ಅಂಟಿಸಿದರೆ ಮುಗಿಯಿತು. ಬುಟ್ಟಿಗಳಿಗೂ ಅದೇ ಉಪಾಯ. ಎಲ್ಲವನ್ನೂ ಸರಿ ಮಾಡಲು ನನಗೊಬ್ಬಳಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

“ನನ್ನ ಕೈಲೆ ಆಗೂದಿಲ್ಲರಿ ಅಕ್ಕಾರ. ಒಬ್ಬೊಬ್ಬರದು ಜೆರಾಕ್ಸ್ ಒಂದೊಂದು ಅಳತಿ ಆಗೇತಿ. ಯಾರು ಕತ್ತರಿಸ್ಯಾರ ಅವರ ಕೈನ ಬೇಕು, ನಾ ಮುಟ್ಟಿದ್ರ ಹರೀತಾವು. ಹುಣ್ಣಿಮಿ ದಿವಸ ಮುಂಜಾನೆ ಎಲ್ಲಾರೂ ಬರ್ರಿ, ಕುಂತು ಸರಿ ಮಾಡೂನು. ಬಸ್ಸಿನ ರೊಕ್ಕದ ಮಾತ ತಗೀಬ್ಯಾಡ್ರಿ, ಹೆಂಗಸರಿಗೆ ಪುಕ್ಕಟೆ.”

ಹಸಿ ಸುಳ್ಳು. ಹಾಳೆ ಹರಿಯುವ ಮಾತನ್ನು ನನ್ನ ಕೈ ಕೇಳಿಸಿಕೊಂಡಿದ್ದರೆ ನನಗೇ ಬಾರಿಸುತ್ತಿತ್ತು. ಅಕ್ಕ ಕೊನೆಗೆ “ನೋಡೂನು” ಎಂದರು. ನಮ್ಮ ಕಡೆ ನೋಡೂನು ಎಂದರೆ ಬಹಳ ಸಲ ಇಲ್ಲ ಎಂದೇ ಅರ್ಥ.

ಮಾವನಿಗೆ ಕಿಂಡಿ ಮಾಡಿದ ಕಾರ್ಡು ತೋರಿಸಿ ನನ್ನ ಉಪಾಯ ಹೇಳಿದೆ. ಅವರು ಕಾರ್ಡನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇದು ಕಟ್ಟಬಹುದು. ಆದ್ರ ಅವರು ಬರ್ದಿದ್ರ? ನಿನ್ನ ಮಾರಿ ನೋಡಾಕ ನನಗ ಆಗೂದಿಲ್ಲವ್ವಾ” ಎಂದರು. ಅವರು ನನ್ನನ್ನು ಅಷ್ಟು ಗಮನಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂದು, ಎಮ್ಮೆಯ ನೆಪ ಮಾಡಿ ಅಲ್ಲಿಂದ ಎದ್ದು ಹೋದೆ.

ಹುಣ್ಣಿಮೆಯ ಬೆಳಿಗ್ಗೆ ನಾನೂ ನಾದಿನಿಯೂ ಅಡಿಗೆಗೆ ನಿಂತೆವು. ಗೋಧಿ ಹುಗ್ಗಿ, ರೊಟ್ಟಿ, ಎಣಗಾಯಿ ಪಲ್ಯ, ಅನ್ನ, ಸಾರು. “ಇಷ್ಟು ಯಾರಿಗೆ?” ಎಂದು ನಾದಿನಿ ಕೇಳಿದಳು. “ಬರೂವರಿಗೆ” ಎಂದೆ. “ಬರ್ದಿದ್ರ?” “ನೀನ ಉಣ್ಣು, ವಾರದ ತನಕ.” ಇಬ್ಬರೂ ನಕ್ಕೆವು, ಆದರೆ ನನ್ನ ಕಿವಿ ಶಿಗ್ಗಾಂವಿಯಿಂದ ಬರುವ ಟೆಂಪೋಗಳ ಸದ್ದಿನ ಮೇಲೇ ಇತ್ತು.

ಮೊದಲ ಟೆಂಪೋದಲ್ಲಿ ಯಾರೂ ಇರಲಿಲ್ಲ. ಎರಡನೆಯದರಿಂದ ಹಾನಗಲ್ಲಿನವಳು ತೋಟದ ಮಾವಿನಹಣ್ಣು ತುಂಬಿದ ಬಿದಿರಿನ ಬುಟ್ಟಿ ಹೊತ್ತು ಇಳಿದಳು. ಅವಳ ಹಿಂದೆ ಸವಣೂರಿನವಳು, ಅವಳ ಹಿಂದೆ ಇನ್ನೂ ಐದಾರು ಜನ. ಕೊನೆಗೆ ಹಿರೇಕೆರೂರಿನ ಅಕ್ಕ, ಕೈಯಲ್ಲಿ ತಮ್ಮದೇ ಕತ್ತರಿ ಹಿಡಿದುಕೊಂಡು. ಕೆಲವರು ಬರಲಿಲ್ಲ. ಒಬ್ಬಳು ಬೀಗರು ಬಂದಿದ್ದಾರೆಂದು ಹೇಳಿ ಕಳಿಸಿದ್ದಳು. ಆ ಬೀಗರು ಇನ್ನೂ ಅವಳ ಮನೆಯಲ್ಲೇ ಇರಬೇಕು, ಯಾಕೆಂದರೆ ಅವಳು ಇಂದಿಗೂ ನಮ್ಮ ಕಡೆ ಬಂದಿಲ್ಲ. ಹೋಗಲಿ. ಬಂದವರು ಬಂದರು.

ವಿಹಾರದ ನೆಲದ ಮೇಲೆ ಜಮಖಾನೆ ಹಾಸಿದ್ದೆವು. ನಾನು ಒಂದು ಬುಟ್ಟಿ ಹಿಡಿದು ಕಿಂಡಿ ಕತ್ತರಿಸುವ ಬಗೆ ತೋರಿಸಿದೆ. ಎಲ್ಲರೂ ಅವರವರ ಬುದ್ಧನನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿ ಓಡಿಸಿದರು. ಸವಣೂರಿನವಳ ಎಲೆಗೆ ಬಾಲ ಬರಲಿಲ್ಲ. “ಅದೂ ತಿನ್ನೂ ಎಲಿನ ಆತಲ್ಲವ್ವಾ” ಎಂದು ನಾನು ಕೆಣಕಿದೆ. “ನನಗ ಬರೂದ ಅದೊಂದು ಎಲಿ, ಏನ್ ಮಾಡ್ಲಿ” ಎಂದು ಅವಳು ನಕ್ಕಳು, ನಾನು ಅವಳ ಕೈ ಹಿಡಿದು ಬಾಲ ತೆಗೆಸಿದೆ. ಹಿರೇಕೆರೂರಿನ ಅಕ್ಕ ಮಾತ್ರ ಗೆರೆಗಳ ಮೇಲೆ ಬಹಳ ನಿಧಾನವಾಗಿ ಕತ್ತರಿ ಆಡಿಸುತ್ತಿದ್ದರು. ಮುಗಿದ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ನಿಂತರು.

“ನಮಗ ತಿಳೀಲಿಲ್ಲರಿ ಅಪ್ಪಾರ” ಎಂದರು.

ಮಾವ ಬಾಗಿಲು ಮುಂದೆ ಮಾಡಿ ಕತ್ತಲಾಗಿಸಿ, ಬುಟ್ಟಿಯೊಳಗೆ ಬಲ್ಬು ಇಟ್ಟು ಹಚ್ಚಿದರು. ಕೇಸರಿ ಮುಖದ ಹಣೆಯಲ್ಲಿ ಹಳದಿ ಎಲೆ ಹೊಳೆಯಿತು. ನಾನು ಬರೆದ ಡಿಸೈನಿನಲ್ಲಿ ಇಲ್ಲದ ಚೆಲುವು ಅದು. ಸೊಕ್ಕಿನವಳಾದ ನಾನೇ ಇದನ್ನು ಒಪ್ಪುತ್ತೇನೆ, ತಪ್ಪು ಆಗದಿದ್ದರೆ ಬುಟ್ಟಿ ಅಷ್ಟು ಚೆಂದ ಆಗುತ್ತಿರಲಿಲ್ಲ. “ಛಲೋ ಆತವ್ವಾ, ಭಾಳ ಛಲೋ ಆತು” ಎಂದರು ಮಾವ. ಓಣಿಯ ಈ ತುದಿಯಿಂದ ಆ ತುದಿಗೆ ತಂತಿ ಕಟ್ಟಿ, ಎಲ್ಲರೂ ಸೇರಿ ಬುಟ್ಟಿಗಳನ್ನು ತೂಗಬಿಟ್ಟೆವು. ಕಾರ್ಡುಗಳನ್ನು ಮನೆ ಮನೆಯ ಬಾಗಿಲಿಗೆ ಅಂಟಿಸಿದೆವು.

ಆಮೇಲೆ ಊಟದ ಹೊತ್ತಾಯಿತು. ಇಷ್ಟಕ್ಕೇ ನಾನು ಗೆದ್ದೆನೆಂದುಕೊಳ್ಳಬೇಡಿ, ನನಗೆ ನಿಜವಾದ ಭಯ ಶುರುವಾದದ್ದೇ ಆಗ. ಕೆಲಸಕ್ಕೆ ಬರುವುದು ಬೇರೆ, ತಟ್ಟೆಗೆ ಕೈ ಹಾಕುವುದು ಬೇರೆ. ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದೆ. ಸ್ಟೀಲಿನ ತಟ್ಟೆ, ಸ್ಟೀಲಿನ ಲೋಟ. ಕಾಗದದ್ದು ಒಂದೂ ಇಡಲಿಲ್ಲ. ಬಡಿಸಿದೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಉಣ್ಣಲೂ ಇಲ್ಲ. ಒಬ್ಬಳು ರೊಟ್ಟಿಯ ಅಂಚು ಮುರಿದು ಹಾಗೇ ಹಿಡಿದುಕೊಂಡಿದ್ದಳು. ಎಲ್ಲರ ಕಣ್ಣೂ ಹಿರೇಕೆರೂರಿನ ಅಕ್ಕನ ಕೈಯ ಮೇಲೆ. ನಾನು ನೀರಿನ ತಂಬಿಗೆ ಹಿಡಿದು ಸಾಲಿನ ತುದಿಯಲ್ಲಿ ನಿಂತೆ.

ಅಕ್ಕ ಅನ್ನಕ್ಕೆ ಸಾರು ಕಲಸಿದರು. ಒಂದು ತುತ್ತು ಬಾಯಿಗೆ ಇಟ್ಟರು. ನಿಧಾನ ಅಗಿದು ನುಂಗಿ ಮುಖ ಕಿವುಚಿದರು.

“ಉಪ್ಪ ಇಲ್ಲಲ್ಲವ್ವಾ ಸಾರಿಗೆ.”

ನಾದಿನಿ ಓಡಲು ಹೊರಟಳು. “ನೀ ನಿಂದ್ರವ್ವಾ, ನಾ ತರ್ತೇನಿ” ಎಂದು ಅಕ್ಕ ಎದ್ದೇಬಿಟ್ಟರು. ಎಂಜಲಾದ ಬಲಗೈ ಮಡಚಿ ಹಿಡಿದು, ಎಡಗೈಯಿಂದ ಸೆರಗು ಸರಿಮಾಡಿಕೊಂಡು, ನನ್ನನ್ನು ದಾಟಿ ನೇರವಾಗಿ ನಮ್ಮ ಅಡಿಗೆಮನೆಯೊಳಗೆ ನಡೆದರು. ಒಳಗಿನಿಂದ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು. “ಇದು ಸಕ್ಕರಿ... ಇದು ಗುರೆಳ್ಳ ಪುಡಿ... ಉಪ್ಪಿನ ಡಬ್ಬಿ ಎಲ್ಲಿಟ್ಟೀಯವ್ವಾ?” ಓಣಿಗೆಲ್ಲ ಕೇಳುವಷ್ಟು ದೊಡ್ಡ ದನಿ. ನಾನು ಹೇಳುವ ಮೊದಲೇ ಬಾಗಿಲ ಬಳಿ ಕುಳಿತಿದ್ದ ಮಾವ ಉತ್ತರ ಕೊಟ್ಟರು, “ಗ್ಯಾಸಿನ ಮಗ್ಗಲ ಐತಿ ನೋಡವ್ವಾ, ಕೆಂಪು ಮುಚ್ಚಳದ್ದು.”

ಅಕ್ಕ ಡಬ್ಬಿಯನ್ನು ಬಲತೋಳಿನಲ್ಲಿ ಅವಚಿ ಹಿಡಿದು ಹೊರಗೆ ಬಂದರು. ತಮ್ಮ ತಟ್ಟೆಗಷ್ಟೇ ಅಲ್ಲ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ, ಎಡಗೈಯ ಚಮಚೆಯಿಂದ ಒಬ್ಬೊಬ್ಬರ ಸಾರಿಗೂ ಉಪ್ಪು ಹಾಕುತ್ತ ಹೋದರು. “ಉಣ್ರಿ, ಉಣ್ರಿ. ಹುಗ್ಗಿ ಭಾಳ ಛಲೋ ಆಗೇತಿ” ಎಂದರು. ಎಲ್ಲರ ಕೈಗಳೂ ಒಮ್ಮೆಗೇ ತಟ್ಟೆಗೆ ಇಳಿದವು.

ಇದೊಂದು ಮಾತು ಹೇಳಲೇಬೇಕು. ನನ್ನ ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಬಡಿಸುವ ಮೊದಲು ನಾನೇ ನಾಲಿಗೆಗೆ ಹಚ್ಚಿ ನೋಡಿದ್ದೆ. ಅದು ಅಕ್ಕನಿಗೂ ಮೊದಲ ತುತ್ತಿಗೇ ತಿಳಿದಿತ್ತು. ಅವರು ತಮ್ಮ ಜಾಗಕ್ಕೆ ಮರಳಿ ಕುಳಿತು ತಲೆ ಎತ್ತಿ ನನ್ನನ್ನು ನೋಡಿದಾಗ ನನಗೂ ತಿಳಿಯಿತು. ಅವತ್ತು ಅವರೆಲ್ಲ ಆ ಉಪ್ಪುಪ್ಪು ಸಾರನ್ನು ಸೊಲ್ಲೆತ್ತದೆ ಉಂಡರು. ಉಂಡು ನಾಲಿಗೆ ಒಣಗಿ, “ನೀರು ತಾರವ್ವಾ, ಇನ್ನೊಂದಿಷ್ಟು ನೀರು ತಾ” ಎಂದು ಲೋಟದ ಮೇಲೆ ಲೋಟ ಚಾಚಿದರು. ಕೊಡ ಬರಿದಾಯಿತು. ನಾನು ಮತ್ತೊಂದು ಕೊಡ ಹೊತ್ತು ತಂದೆ, ಅದನ್ನೂ ಕುಡಿದರು.